ಮುಂದಿನ ಋತುವಿನಲ್ಲಿ ಯಾರು ಮೇಲೇರುತ್ತಾರೆ? ಬೇಸ್‌ಬಾಲ್ ಮುನ್ನಂದಾಜಿನ ಲೆಕ್ಕಾಚಾರ

ಮಾನ್ಯರೇ,

ಪ್ರತಿ ವರ್ಷ ಫೆಬ್ರುವರಿಯಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳು ಅರಿಜೋನಾ ಮತ್ತು ಫ್ಲಾರಿಡಾ ರಾಜ್ಯಗಳ ಶಿಬಿರಗಳಲ್ಲಿ ಅಭ್ಯಾಸ ಶುರುಮಾಡುತ್ತವೆ. ಋತು ಆರಂಭವಾಗಲು ಇನ್ನೂ ಹಲವು ವಾರಗಳಿರುವಾಗಲೇ ಪತ್ರಿಕೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಒಂದು ಬಗೆಯ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ಕಳೆದ ವರ್ಷ ಸಾಧಾರಣವಾಗಿ ಆಡಿದವರಲ್ಲಿ ಈ ವರ್ಷ ಯಾರು ಎಲ್ಲರಿಗಿಂತ ಹೆಚ್ಚು ಸುಧಾರಿಸುತ್ತಾರೆ ಎಂಬ ಊಹೆಯ ಪಟ್ಟಿ ಅದು. ಅಲ್ಲಿನ ಮಾತಿನಲ್ಲಿ ಅಂಥವರು ‘ಬ್ರೇಕ್‌ಔಟ್’ ಆಟಗಾರರು. ತಂಡಗಳ ಮಟ್ಟಿಗೆ ಇದು ಕೋಟಿಗಟ್ಟಲೆ ಡಾಲರ್‌ಗಳ ಪ್ರಶ್ನೆ. 1980ರಲ್ಲಿ ನ್ಯೂಯಾರ್ಕಿನ ಕೆಲವು ಗೆಳೆಯರು ಆರಂಭಿಸಿದ, ಈಗ ಫ್ಯಾಂಟಸಿ ಆಟವೆಂದು ಮನೆಮಾತಾಗಿರುವ ಹವ್ಯಾಸಕ್ಕೆ ಬಿದ್ದವರಿಗೂ ಇದು ಅಷ್ಟೇ ಗಂಭೀರವಾದ ಪ್ರಶ್ನೆ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟು. ‘ಸುಧಾರಣೆ’ ಎಂಬ ಒಂದೇ ಹೆಸರಿನಡಿ ನಾವು ಬೇರೆ ಬೇರೆ ಸಂಗತಿಗಳನ್ನು ಒಟ್ಟುಗೂಡಿಸಿದ್ದೇವೆ. ಕಳೆದ ವರ್ಷದ ದುರದೃಷ್ಟ ಕಳೆದು ಆಟಗಾರ ತನ್ನ ಸಹಜ ಮಟ್ಟಕ್ಕೆ ಮರಳುವುದು ಒಂದು. ವಯಸ್ಸು ಮತ್ತು ಆರೋಗ್ಯ ತಂದುಕೊಡುವ ಏರಿಕೆ ಇನ್ನೊಂದು. ಆಟಗಾರ ತನ್ನ ಆಟವನ್ನೇ ಬದಲಿಸಿಕೊಂಡು ಬೇರೆಯೇ ಆಟಗಾರನಾಗುವುದು ಮತ್ತೊಂದು. ಮೊದಲನೆಯದನ್ನು ಊಹಿಸುವುದು ಸುಲಭ, ಆದರೆ ಅದರಿಂದ ತಿಳಿಯುವುದು ಕಡಿಮೆ. ಕೊನೆಯದನ್ನು ಊಹಿಸುವುದು ಬಹಳ ಕಷ್ಟ, ಆದರೆ ಎಲ್ಲರೂ ನಿಜವಾಗಿ ಹುಡುಕುತ್ತಿರುವುದು ಅದನ್ನೇ.

ನಮ್ಮಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡುತ್ತಾ ಬೆಳೆದವರಾದ್ದರಿಂದ ಒಂದು ವಿಷಯವನ್ನು ಮೊದಲೇ ಬಿಡಿಸಿ ಹೇಳುತ್ತೇನೆ. ಕ್ರಿಕೆಟ್ಟಿನ ಬ್ಯಾಟಿಂಗ್ ಸರಾಸರಿ ಎಂದರೆ ಗಳಿಸಿದ ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸಿದ್ದು. ಬೇಸ್‌ಬಾಲಿನ ಬ್ಯಾಟಿಂಗ್ ಸರಾಸರಿ ಎಂದರೆ ಬ್ಯಾಟ್ ಮಾಡಿದ ಅವಕಾಶಗಳಲ್ಲಿ ಎಷ್ಟು ಪಾಲು ‘ಹಿಟ್’ (ಚೆಂಡನ್ನು ಹೊಡೆದು, ಔಟಾಗದೆ ಬೇಸ್ ಎಂಬ ನಿಲ್ದಾಣವನ್ನು ಮುಟ್ಟುವುದು) ಆಯಿತು ಎಂಬ ಲೆಕ್ಕ. ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಗಳಿಗೆ ಸಿಗುವ ಉಚಿತ ನಡೆ) ಸಿಕ್ಕಿ ಬೇಸಿಗೆ ಹೋದ ಸಲಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಹತ್ತರಲ್ಲಿ ಮೂರು ಹಿಟ್ ಹೊಡೆದರೆ 0.300, ಅದು ಉತ್ತಮ ಬ್ಯಾಟರ್‌ನ ಗುರುತು. 162 ಪಂದ್ಯಗಳ ಒಂದು ಋತುವಿನಲ್ಲಿ ಕಾಯಂ ಆಟಗಾರನಿಗೆ ಇಂಥ 500ಕ್ಕೂ ಹೆಚ್ಚು ಅವಕಾಶಗಳು ಸಿಗುತ್ತವೆ. ಐನೂರು ಎಂದರೆ ದೊಡ್ಡ ಸಂಖ್ಯೆ, ಅಷ್ಟರಲ್ಲಿ ಆಟಗಾರನ ನಿಜವಾದ ಸಾಮರ್ಥ್ಯ ಹೊರಬೀಳಲೇಬೇಕು ಎಂದು ನಮಗೆ ಅನ್ನಿಸುತ್ತದೆ. ಆದರೆ ಲೆಕ್ಕ ಬೇರೆಯದೇ ಹೇಳುತ್ತದೆ.

ಒಬ್ಬ ಬ್ಯಾಟರ್‌ನ ನಿಜವಾದ ಸಾಮರ್ಥ್ಯ 0.270 ಎಂದೂ ಅದು ವರ್ಷದಿಂದ ವರ್ಷಕ್ಕೆ ಚೂರೂ ಬದಲಾಗುವುದಿಲ್ಲವೆಂದೂ ಇಟ್ಟುಕೊಳ್ಳಿ. 500 ಅವಕಾಶಗಳಲ್ಲಿ ಅವನಿಂದ 135 ಹಿಟ್‌ಗಳನ್ನು ನಿರೀಕ್ಷಿಸಬೇಕು. ಆದರೆ ಬರೀ ಆಕಸ್ಮಿಕದಿಂದ ಉಂಟಾಗುವ ಏರಿಳಿತವೇ ಸುಮಾರು 10 ಹಿಟ್‌ಗಳಷ್ಟಿರುತ್ತದೆ. ಅಂದರೆ ಮೂರು ವರ್ಷಗಳಲ್ಲಿ ಎರಡು ವರ್ಷ ಅವನ ಸರಾಸರಿ 0.250 ಮತ್ತು 0.290ರ ನಡುವೆ ಎಲ್ಲಾದರೂ ನಿಲ್ಲಬಹುದು, ಮೂರನೆಯ ವರ್ಷ ಆ ಎಲ್ಲೆಯನ್ನೂ ದಾಟಬಹುದು. ಎರಡು ಋತುಗಳನ್ನು ಹೋಲಿಸುವಾಗ ಎರಡೂ ವರ್ಷದ ಆಕಸ್ಮಿಕಗಳು ಸೇರಿಕೊಳ್ಳುವುದರಿಂದ ಏರಿಳಿತ ಸುಮಾರು 14 ಹಿಟ್‌ಗಳಿಗೆ ಹೆಚ್ಚುತ್ತದೆ. ಈಗ ಇಂಥ 150 ಬ್ಯಾಟರ್‌ಗಳನ್ನು ಕಲ್ಪಿಸಿಕೊಳ್ಳಿ. ಯಾರೊಬ್ಬರ ಸಾಮರ್ಥ್ಯವೂ ಬದಲಾಗಿಲ್ಲ. ಆದರೂ ‘ಅತಿ ಹೆಚ್ಚು ಸುಧಾರಿಸಿದವರು’ ಎಂಬ ಪಟ್ಟಿ ಮಾಡಿದರೆ ಅದರ ಮೊದಲ ಹೆಸರಿನ ಮುಂದೆ ಸುಮಾರು 35 ಹಿಟ್‌ಗಳ, ಅಂದರೆ 0.070ರಷ್ಟು ಏರಿಕೆ ಇರುತ್ತದೆ. 0.235ರಿಂದ 0.305ಕ್ಕೆ ಏರಿದ ಆ ಆಟಗಾರನ ಬಗ್ಗೆ ಲೇಖನಗಳು ಬರುತ್ತವೆ, ಚಳಿಗಾಲದಲ್ಲಿ ಅವನು ಪಟ್ಟ ಶ್ರಮದ ಕಥೆಗಳು ಬರುತ್ತವೆ. ಆ ಕಥೆಗಳಲ್ಲಿ ಸುಳ್ಳಿರಬೇಕೆಂದಿಲ್ಲ, ಶ್ರಮ ಎಲ್ಲರೂ ಪಟ್ಟಿರುತ್ತಾರೆ. ಆದರೆ ಆ ಏರಿಕೆಗೆ ಕಾರಣ ಆ ಶ್ರಮವಲ್ಲ.

ಇದು ಕಾಗದದ ಮೇಲಿನ ಕಲ್ಪನೆಯಷ್ಟೇ ಅಲ್ಲ ಎಂಬುದಕ್ಕೆ ನನಗೆ ಬಹಳ ಪ್ರಿಯವಾದ ಒಂದು ಉದಾಹರಣೆಯಿದೆ. ಬ್ರಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1970ರ ಋತುವಿನ ಆರಂಭದಲ್ಲಿ ತಲಾ 45 ಅವಕಾಶಗಳನ್ನು ಪೂರೈಸಿದ್ದ 18 ಬ್ಯಾಟರ್‌ಗಳನ್ನು ಆರಿಸಿಕೊಂಡರು. ಆ 45 ಅವಕಾಶಗಳ ಫಲಿತಾಂಶವನ್ನಷ್ಟೇ ನೋಡಿ ಋತುವಿನ ಉಳಿದ ಭಾಗದ ಸರಾಸರಿಯನ್ನು ಹೇಳಬಹುದೇ ಎಂಬುದು ಅವರ ಪ್ರಶ್ನೆ. ಪಟ್ಟಿಯ ತುದಿಯಲ್ಲಿದ್ದವರು ಪಿಟ್ಸ್‌ಬರ್ಗ್ ತಂಡದ ರಾಬರ್ಟೊ ಕ್ಲೆಮೆಂಟೆ: 45ರಲ್ಲಿ 18 ಹಿಟ್, 0.400. ತಳದಲ್ಲಿದ್ದವರು ಮ್ಯಾಕ್ಸ್ ಆಲ್ವಿಸ್: 7 ಹಿಟ್, 0.156. ಹದಿನೆಂಟೂ ಜನರ ಒಟ್ಟು ಸರಾಸರಿ 0.265. ಎಫ್ರಾನ್ ಮತ್ತು ಮಾರಿಸ್ ಪ್ರತಿಯೊಬ್ಬರ ಸರಾಸರಿಯನ್ನೂ ಈ 0.265ರತ್ತ ಎಳೆದರು, ಅದೂ ಸ್ವಲ್ಪ ಮಟ್ಟಿಗಲ್ಲ. ಪ್ರತಿಯೊಬ್ಬರೂ ಗುಂಪಿನ ಸರಾಸರಿಯಿಂದ ಎಷ್ಟು ದೂರವಿದ್ದರೋ ಆ ದೂರದ ಐದನೆಯ ಒಂದು ಭಾಗವನ್ನಷ್ಟೇ ಉಳಿಸಿಕೊಂಡರು. ಹೀಗೆ ಕ್ಲೆಮೆಂಟೆಯ 0.400 ಇಳಿದು 0.294 ಆಯಿತು.

ಕ್ಲೆಮೆಂಟೆಯಂಥ ಆಟಗಾರನನ್ನು 0.294ಕ್ಕೆ ಇಳಿಸುವುದು ಅನ್ಯಾಯವೆಂದು ತೋರುತ್ತದೆ. ಅವರು ಋತುವಿನ ಉಳಿದ ಭಾಗದಲ್ಲಿ 0.346 ಹೊಡೆದರು, ಆದರೂ 0.294ರ ಅಂದಾಜು 0.400ಕ್ಕಿಂತ ಕೂದಲೆಳೆಯಷ್ಟು ಹತ್ತಿರವೇ ಇತ್ತು. ಇತರರನ್ನು ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. 0.378ರಲ್ಲಿದ್ದ ಫ್ರ್ಯಾಂಕ್ ರಾಬಿನ್ಸನ್ 0.298ಕ್ಕೆ ಇಳಿದರು. 0.333ರಲ್ಲಿದ್ದ ಜೇ ಜಾನ್‌ಸ್ಟನ್ 0.222ಕ್ಕೆ ಕುಸಿದರು. ಮೇಲಕ್ಕೆ ಏರಿದವರು ಯಾರು? 0.178ರಲ್ಲಿದ್ದ ಥರ್ಮನ್ ಮನ್ಸನ್ 0.316ಕ್ಕೆ, 0.222ರಲ್ಲಿದ್ದ ಜಾರ್ಜ್ ಸ್ಕಾಟ್ 0.303ಕ್ಕೆ. ಒಟ್ಟಾರೆಯಾಗಿ, ದೋಷಗಳ ವರ್ಗಗಳನ್ನು ಕೂಡಿಸಿದಾಗ, ಎಳೆದು ಸರಿಪಡಿಸಿದ ಅಂದಾಜಿನ ದೋಷ ನೇರ ಸರಾಸರಿಯ ದೋಷಕ್ಕಿಂತ ಸುಮಾರು ಮೂರೂವರೆ ಪಟ್ಟು ಕಡಿಮೆಯಿತ್ತು.

ಈ ವಿಧಾನದ ಹಿಂದಿರುವುದು ಸಂಖ್ಯಾಶಾಸ್ತ್ರಜ್ಞ ಚಾರ್ಲ್ಸ್ ಸ್ಟೈನ್ 1956ರಲ್ಲಿ ಕಂಡುಕೊಂಡ ಫಲಿತಾಂಶ. ಇಲ್ಲಿ ಕನ್ನಡ ನಾಡಿನ ನೆಲಕ್ಕೆ ಸೇರಿದ ಒಂದು ಹೆಸರನ್ನೂ ನೆನೆಯಬೇಕು. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು 1945ರಲ್ಲಿ, ಪಕ್ಷಪಾತವಿಲ್ಲದ, ಅಂದರೆ ಯಾವ ಕಡೆಗೂ ವಾಲದ, ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಿರಬಲ್ಲದು ಎಂಬುದಕ್ಕೆ ಒಂದು ಮಿತಿಯಿದೆಯೆಂದು ತೋರಿಸಿದ್ದರು. ಸ್ಟೈನ್ ಹಿಡಿದದ್ದು ಆ ಷರತ್ತನ್ನೇ ಬಿಟ್ಟುಕೊಡುವ ದಾರಿ: ಪ್ರತಿ ಅಂದಾಜನ್ನೂ ಉದ್ದೇಶಪೂರ್ವಕವಾಗಿ ಗುಂಪಿನ ಕಡೆಗೆ ಸ್ವಲ್ಪ ವಾಲಿಸಿದರೆ, ಮೂರು ಅಥವಾ ಅದಕ್ಕಿಂತ ಹೆಚ್ಚು ಅಂದಾಜುಗಳನ್ನು ಒಟ್ಟಿಗೆ ಮಾಡುವಾಗ ಒಟ್ಟು ದೋಷ ಕಡಿಮೆಯಾಗುತ್ತದೆ. ಬೇಸ್‌ಬಾಲಿನ ಇಂದಿನ ಎಲ್ಲ ಮುನ್ನಂದಾಜು ವ್ಯವಸ್ಥೆಗಳೂ ಯಾವುದಾದರೊಂದು ರೂಪದಲ್ಲಿ ಇದೇ ವಿಚಾರದ ಮೇಲೆ ನಿಂತಿವೆ.

ಅದೇ ಹದಿನೆಂಟು ಜನರಲ್ಲಿ ಇನ್ನೊಂದು ಪಾಠವೂ ಇದೆ, ಅದನ್ನು ಹಲವರು ಮರೆಯುತ್ತಾರೆ. ತಳದಲ್ಲಿದ್ದ ಎಲ್ಲರೂ ಮೇಲೇಳಲಿಲ್ಲ. ಮ್ಯಾಕ್ಸ್ ಆಲ್ವಿಸ್ ಉಳಿದ ಅವಧಿಯಲ್ಲಿ 0.200ಕ್ಕೆ ತೃಪ್ತಿಪಡಬೇಕಾಯಿತು, ಮತ್ತು ಮೇಜರ್ ಲೀಗ್‌ನಲ್ಲಿ ಅದೇ ಅವರ ಕೊನೆಯ ಋತು. ಕ್ಲೆಮೆಂಟೆಯಾದರೋ ಆ ಹೊತ್ತಿಗಾಗಲೇ ನ್ಯಾಷನಲ್ ಲೀಗಿನ (ಮೇಜರ್ ಲೀಗಿನ ಎರಡು ವಿಭಾಗಗಳಲ್ಲಿ ಒಂದು, ಇನ್ನೊಂದು ಅಮೆರಿಕನ್ ಲೀಗ್) ಬ್ಯಾಟಿಂಗ್ ಪಟ್ಟವನ್ನು ನಾಲ್ಕು ಬಾರಿ ಗೆದ್ದಿದ್ದವರು. ಅವರನ್ನು ಎಳೆಯಬೇಕಾಗಿದ್ದದ್ದು ಹದಿನೆಂಟು ಜನರ ಸರಾಸರಿಯತ್ತ ಅಲ್ಲ, ಅವರದೇ ಹಿಂದಿನ ದಾಖಲೆಯತ್ತ. ಯಾವ ಸರಾಸರಿಯತ್ತ ಎಳೆಯಬೇಕು ಎಂಬ ಪ್ರಶ್ನೆಯಲ್ಲೇ ಮುನ್ನಂದಾಜಿನ ಅರ್ಧ ಕೌಶಲ ಅಡಗಿದೆ.

ಆ ಪ್ರಶ್ನೆಗೆ ಅತ್ಯಂತ ಸರಳವಾದ ಉತ್ತರ ಕೊಟ್ಟದ್ದು ಟಾಮ್ ಟ್ಯಾಂಗೊ ಎಂಬ ವಿಶ್ಲೇಷಕರ ‘ಮಾರ್ಸೆಲ್’ ವ್ಯವಸ್ಥೆ. ಯಾವುದೇ ಮುನ್ನಂದಾಜಿನಲ್ಲಿ ಕನಿಷ್ಠ ಇಷ್ಟಾದರೂ ಇರಬೇಕು ಎಂದು ತೋರಿಸಲಿಕ್ಕಾಗಿಯೇ ಮಾಡಿದ ಲೆಕ್ಕ ಅದು. ಕಳೆದ ಮೂರು ಋತುಗಳಿಗೆ ಕ್ರಮವಾಗಿ 5, 4, 3ರ ತೂಕ ಕೊಡುವುದು. ಅದಕ್ಕೆ ಲೀಗಿನ ಸರಾಸರಿ ಬ್ಯಾಟರ್‌ನ 1200 ಸರದಿಗಳ (ವಾಕ್‌ಗಳೂ ಸೇರಿದಂತೆ ಬ್ಯಾಟಿಂಗಿಗೆ ಇಳಿದ ಸಲಗಳ) ಫಲಿತಾಂಶವನ್ನು ಬೆರೆಸುವುದು. ಕೊನೆಗೆ ವಯಸ್ಸಿಗೆ ತಕ್ಕ ಸಣ್ಣ ತಿದ್ದುಪಡಿ. ಮೂರೂ ವರ್ಷ 600 ಸರದಿ ಆಡಿದ ಬ್ಯಾಟರ್‌ಗೆ ಇದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ, ಅವನ ಅಂದಾಜಿನಲ್ಲಿ ಲೀಗಿನ ಪಾಲು ಏಳರಲ್ಲಿ ಒಂದು ಅಷ್ಟೇ. ಆದರೆ ಹೊಸಬನ ಕಥೆ ಬೇರೆ.

ನ್ಯೂಯಾರ್ಕ್ ಯಾಂಕೀಸ್ ತಂಡದ ಆರನ್ ಜಡ್ಜ್ ಅವರನ್ನು ತೆಗೆದುಕೊಳ್ಳಿ. 2016ರ ಆಗಸ್ಟ್‌ನಲ್ಲಿ ಮೇಜರ್ ಲೀಗಿಗೆ ಬಂದ ಅವರು 27 ಪಂದ್ಯಗಳಲ್ಲಿ 95 ಬಾರಿ ಬ್ಯಾಟಿಂಗಿಗೆ ಇಳಿದು 42 ಬಾರಿ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಗೆ ಔಟ್) ಆದರು, ಸರಾಸರಿ 0.179. ಮಾರ್ಸೆಲ್ ಲೆಕ್ಕದಲ್ಲಿ 95ನ್ನು ಐದರಿಂದ ಗುಣಿಸಿ, 1200ರ ಜೊತೆ ಕೂಡಿಸಿ ನೋಡಿದರೆ, ಜಡ್ಜ್ ಅವರ ಸ್ವಂತ ಫಲಿತಾಂಶಕ್ಕೆ ಸಿಗುವ ಪಾಲು ಶೇಕಡಾ 28 ಮಾತ್ರ. ಉಳಿದ 72 ಪಾಲು ಲೀಗಿನ ಸರಾಸರಿ ಬ್ಯಾಟರ್‌ನದ್ದು. ಅಂದರೆ 2017ಕ್ಕೆ ಅವರು ಬಹಳಷ್ಟು ‘ಸುಧಾರಿಸುತ್ತಾರೆ’ ಎಂದು ಈ ಸರಳ ಲೆಕ್ಕವೂ ಹೇಳುತ್ತದೆ. ಅವರು ಸುಧಾರಿಸಿದರು ಕೂಡ: 52 ಹೋಮ್‌ರನ್ (ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ), 127 ವಾಕ್, ಅಮೆರಿಕನ್ ಲೀಗಿನ ವರ್ಷದ ಹೊಸ ಆಟಗಾರ ಪ್ರಶಸ್ತಿ. ಇಲ್ಲಿ ನಾವು ಬಹಳ ಎಚ್ಚರದಿಂದ ಮಾತನಾಡಬೇಕು. ಮಾರ್ಸೆಲ್ ಸರಿಯಾದ ದಿಕ್ಕನ್ನು ಹೇಳಿತು, ಆದರೆ ಎಲ್ಲಿಯವರೆಗೆ ಎಂಬುದನ್ನು ಹೇಳಲಿಲ್ಲ. ಸರಾಸರಿ ಬ್ಯಾಟರ್ ಆಗುವ ನಿರೀಕ್ಷೆಗೂ 52 ಹೋಮ್‌ರನ್‌ಗೂ ನಡುವಿನ ಅಂತರ ಮಹಾ ದೂರ. ಆ ದೂರವನ್ನು ತುಂಬುವ ಮಾಹಿತಿ ಫಲಿತಾಂಶಗಳಲ್ಲಿ ಇರಲಿಲ್ಲ, ಚೆಂಡು ಅವರ ಬ್ಯಾಟಿನಿಂದ ಹೊರಡುತ್ತಿದ್ದ ವೇಗದಲ್ಲಿ ಇತ್ತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ವಯಸ್ಸಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಬ್ಯಾಟರ್‌ಗಳು 27ರ ಆಸುಪಾಸಿನಲ್ಲಿ ತುದಿ ಮುಟ್ಟುತ್ತಾರೆ ಎಂದು ಬೇಸ್‌ಬಾಲ್ ಅಂಕಿಅಂಶಗಳ ಬರಹಗಾರ ಬಿಲ್ ಜೇಮ್ಸ್ 1980ರ ದಶಕದ ಆರಂಭದಲ್ಲೇ ವಾದಿಸಿದ್ದರು. ಅದಕ್ಕೂ ಮೊದಲು ಆಟಗಾರರು 28ರಿಂದ 32ರ ನಡುವೆ ಮಾಗುತ್ತಾರೆ ಎಂಬ ನಂಬಿಕೆ ಪ್ರಬಲವಾಗಿತ್ತು. ಮಾರ್ಸೆಲ್ 29ನ್ನು ಗೆರೆಯಾಗಿ ಇಟ್ಟುಕೊಂಡು ಅದಕ್ಕಿಂತ ಕಡಿಮೆಯಿರುವ ಪ್ರತಿ ವರ್ಷಕ್ಕೆ ಶೇಕಡಾ 0.6ರಷ್ಟು ಏರಿಸುತ್ತದೆ, ಹೆಚ್ಚಿರುವ ಪ್ರತಿ ವರ್ಷಕ್ಕೆ ಶೇಕಡಾ 0.3ರಷ್ಟು ಇಳಿಸುತ್ತದೆ. 22ರ ಹುಡುಗನಿಗೆ ಸಿಗುವುದು ಶೇಕಡಾ ನಾಲ್ಕು ಚಿಲ್ಲರೆ. ಬರೀ ವಯಸ್ಸು ನೋಡಿ ಯಾರನ್ನೂ ‘ಬ್ರೇಕ್‌ಔಟ್’ ಪಟ್ಟಿಗೆ ಸೇರಿಸಲಾಗದು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಇಲ್ಲಿ ಒಂದು ಮರೆಯಾದ ತೊಡಕೂ ಇದೆ. ಒಂದು ವರ್ಷ ಕೆಟ್ಟದಾಗಿ ಆಡಿದ 34ರ ಆಟಗಾರನಿಗೆ ಮರುವರ್ಷ ಅವಕಾಶವೇ ಸಿಗದಿರಬಹುದು. ಅವನು ಮತ್ತೆ ಸಹಜ ಮಟ್ಟಕ್ಕೆ ಬರುತ್ತಿದ್ದನೋ ಇಲ್ಲವೋ ಎಂಬುದು ಯಾವ ದಾಖಲೆಯಲ್ಲೂ ಉಳಿಯುವುದಿಲ್ಲ. ಸತತ ಎರಡು ವರ್ಷ ಆಡಿದವರನ್ನಷ್ಟೇ ಹೋಲಿಸುವ ವಯಸ್ಸಿನ ರೇಖೆಗಳು ಈ ಕಾರಣಕ್ಕೆ ತುಸು ವಾಲಿಕೊಂಡಿರುತ್ತವೆ.

ಆರೋಗ್ಯದ ಪ್ರಭಾವ ಇದಕ್ಕಿಂತ ದೊಡ್ಡದು, ಮತ್ತು ಪಟ್ಟಿ ಮಾಡುವವರು ಅದಕ್ಕೆ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಟ್ಲಾಂಟಾ ತಂಡದ ರೊನಾಲ್ಡ್ ಅಕುನ್ಯಾ ಜೂನಿಯರ್ 2021ರ ಜುಲೈನಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡರು. 2022ರಲ್ಲಿ ಮರಳಿದಾಗ 119 ಪಂದ್ಯಗಳಲ್ಲಿ ಸರಾಸರಿ 0.266, ಹೋಮ್‌ರನ್ 15. ಆ ಅಂಕಿಗಳನ್ನು ಹಾಗೆಯೇ ಮುಂದಿನ ವರ್ಷಕ್ಕೆ ಎಳೆದವರು ಮೊಣಕಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2023ರಲ್ಲಿ ಅವರು 0.337ರ ಸರಾಸರಿಯಲ್ಲಿ 41 ಹೋಮ್‌ರನ್ ಹೊಡೆದು, 73 ಬೇಸ್ ಕದ್ದು (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ), ಒಂದೇ ಋತುವಿನಲ್ಲಿ 40 ಹೋಮ್‌ರನ್ ಮತ್ತು 70 ಬೇಸ್‌ಗಳ ಗಡಿ ದಾಟಿದ ಮೊದಲಿಗರಾದರು. ಅದೇ ವರ್ಷ ಬೇಸ್‌ಗಳ ಗಾತ್ರ ಹೆಚ್ಚಿತ್ತು, ಓಟಗಾರರನ್ನು ತಡೆಯಲು ಪಿಚರ್ (ಎಸೆತಗಾರ) ಪದೇ ಪದೇ ಚೆಂಡೆಸೆಯುವುದಕ್ಕೆ ಕಡಿವಾಣ ಬಿದ್ದಿತ್ತು. ಬೇಸ್ ಕದಿಯುವಿಕೆ ಲೀಗಿನಾದ್ಯಂತ ಏರಿತ್ತು. ಒಬ್ಬ ಆಟಗಾರನ ಜಿಗಿತದಲ್ಲಿ ಅವನ ಮೊಣಕಾಲಿನ ಪಾಲೆಷ್ಟು, ನಿಯಮದ ಪಾಲೆಷ್ಟು, ಅವನದೇ ಪಾಲೆಷ್ಟು ಎಂದು ಬಿಡಿಸಿ ನೋಡದೆ ಆ ಅಂಕಿಗಳನ್ನು ಮುಂದಕ್ಕೆ ಚಾಚುವಂತಿಲ್ಲ.

ಈಗ ಕಷ್ಟದ ಭಾಗಕ್ಕೆ, ನನ್ನ ಮಟ್ಟಿಗೆ ಈ ವಿಷಯದ ತಿರುಳಿಗೆ, ಬರೋಣ.

ಹೋಸೆ ಬಟಿಸ್ಟಾ 2004ರ ಒಂದೇ ಋತುವಿನಲ್ಲಿ ಐದು ತಂಡಗಳ ಪಟ್ಟಿಯಲ್ಲಿ ಹೆಸರು ಕಾಣಿಸಿಕೊಂಡ, ಯಾರಿಗೂ ಅಷ್ಟಾಗಿ ಬೇಡವಾಗಿದ್ದ ಆಟಗಾರ. 2009ರವರೆಗೆ ಯಾವ ಋತುವಿನಲ್ಲೂ ಅವರು 16ಕ್ಕಿಂತ ಹೆಚ್ಚು ಹೋಮ್‌ರನ್ ಹೊಡೆದಿರಲಿಲ್ಲ. 2010ರಲ್ಲಿ, 29ರ ವಯಸ್ಸಿನಲ್ಲಿ, ಟೊರಾಂಟೊ ತಂಡಕ್ಕೆ ಆಡುತ್ತಾ 54 ಹೊಡೆದರು. ಯಾವ ಸರಾಸರಿಯತ್ತ ಎಳೆದರೂ ಆ ಸಂಖ್ಯೆ ಬರುವುದಿಲ್ಲ, ಯಾವ ವಯಸ್ಸಿನ ರೇಖೆಯೂ ಅದನ್ನು ಕೊಡುವುದಿಲ್ಲ. ಆದರೆ ಒಂದು ಸುಳಿವು ಇತ್ತು. ಟೊರಾಂಟೊದ ತರಬೇತುದಾರರೊಂದಿಗೆ ಕೆಲಸ ಮಾಡಿ ಅವರು ತಮ್ಮ ಬ್ಯಾಟ್ ಬೀಸುವ ಸಿದ್ಧತೆಯನ್ನು ಮುಂಚೆಯೇ ಆರಂಭಿಸುವುದನ್ನು, ಕಾಲನ್ನು ಎತ್ತಿ ಹೊತ್ತಿಗೆ ಸರಿಯಾಗಿ ಊರುವುದನ್ನು ರೂಢಿಸಿಕೊಂಡಿದ್ದರು. 2009ರ ಒಟ್ಟು 13 ಹೋಮ್‌ರನ್‌ಗಳಲ್ಲಿ 10 ಬಂದದ್ದು ಋತುವಿನ ಕೊನೆಯ ಆ ಐದಾರು ವಾರಗಳಲ್ಲಿ. ಇಡೀ ವರ್ಷದ ಮೊತ್ತವನ್ನು ನೋಡಿದವರಿಗೆ ಕಂಡದ್ದು 13. ಕಾಲಿನ ಬದಲಾವಣೆಯನ್ನು ನೋಡಿ, ಅದಾದ ಮೇಲಿನ ಭಾಗವನ್ನು ಪ್ರತ್ಯೇಕಿಸಿ ನೋಡಿದವರಿಗೆ ಕಂಡದ್ದು ಬೇರೆಯೇ ಆಟಗಾರ.

ಹಾಗೆಂದು ಕೊನೆಯ ಒಂದು ತಿಂಗಳು ಚೆನ್ನಾಗಿ ಆಡಿದ ಎಲ್ಲರನ್ನೂ ನಂಬಬೇಕೇ ಎಂದರೆ, ಖಂಡಿತ ಇಲ್ಲ. ಪ್ರತಿ ಸೆಪ್ಟೆಂಬರಿನಲ್ಲೂ ಹತ್ತಾರು ಮಂದಿ ಹಾಗೆ ಆಡುತ್ತಾರೆ, ಅವರಲ್ಲಿ ಹೆಚ್ಚಿನವರದು ಮೊದಲು ಹೇಳಿದ ಆಕಸ್ಮಿಕವೇ. ಬಟಿಸ್ಟಾ ಅವರದ್ದನ್ನು ಬೇರೆಯಾಗಿಸಿದ್ದು, ಫಲಿತಾಂಶದ ಏರಿಕೆಗೆ ಮೊದಲು ಕಣ್ಣಿಗೆ ಕಾಣುವಂತೆ ನಡೆದಿದ್ದ ಒಂದು ಬದಲಾವಣೆ. 54ರ ನಂತರವೂ ಸಂಶಯ ಉಳಿದಿತ್ತು. ಬಾಲ್ಟಿಮೋರ್‌ನ ಬ್ರೇಡಿ ಆಂಡರ್ಸನ್ 1995ರಲ್ಲಿ 16 ಹೊಡೆದು, 1996ರಲ್ಲಿ 50ಕ್ಕೆ ಏರಿ, 1997ರಲ್ಲಿ ಮತ್ತೆ 18ಕ್ಕೆ ಇಳಿದಿದ್ದರು ಎಂಬುದು ಎಲ್ಲರ ನೆನಪಿನಲ್ಲಿತ್ತು. ಟೊರಾಂಟೊ ತಂಡ 2011ರ ಫೆಬ್ರುವರಿಯಲ್ಲಿ ಬಟಿಸ್ಟಾ ಅವರೊಂದಿಗೆ ಐದು ವರ್ಷಕ್ಕೆ 6.5 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಆ ವರ್ಷ ಅವರು ಹೊಡೆದದ್ದು 43. ಈ 43 ನನಗೆ ಬಹಳ ಅರ್ಥಪೂರ್ಣವಾದ ಸಂಖ್ಯೆಯಾಗಿ ಕಾಣುತ್ತದೆ. 54ರಿಂದ ಇಳಿದದ್ದು ಸರಾಸರಿಯತ್ತ ಮರಳುವ ನಿಯಮ. 16ಕ್ಕೆ ಇಳಿಯದೆ ನಿಂತದ್ದು ಆಟದಲ್ಲಾದ ನಿಜವಾದ ಬದಲಾವಣೆ. ಎರಡೂ ಒಂದೇ ಆಟಗಾರನಲ್ಲಿ ಒಂದೇ ವರ್ಷ ಕಾಣುತ್ತವೆ.

ಜೆ. ಡಿ. ಮಾರ್ಟಿನೆಜ್ ಅವರ ಕಥೆ ಇನ್ನೂ ತೀಕ್ಷ್ಣವಾದದ್ದು. 2013ರಲ್ಲಿ ಹ್ಯೂಸ್ಟನ್ ಪರ 0.250 ಸರಾಸರಿ, 7 ಹೋಮ್‌ರನ್. ಆ ಚಳಿಗಾಲದಲ್ಲಿ ಅವರು ಕ್ಯಾಲಿಫೋರ್ನಿಯಾದ ಖಾಸಗಿ ತರಬೇತುದಾರ ಕ್ರೇಗ್ ವಾಲೆನ್‌ಬ್ರಾಕ್ ಅವರ ಬಳಿ ಹೋಗಿ, ಚಿಕ್ಕಂದಿನಿಂದ ಕಲಿತ, ಚೆಂಡನ್ನು ಮೇಲಿನಿಂದ ಕೆಳಕ್ಕೆ ಹೊಡೆಯುವ ಪದ್ಧತಿಯನ್ನು ಬಿಟ್ಟು, ಬರುವ ಚೆಂಡಿನ ಇಳಿಜಾರಿಗೆ ಎದುರಾಗಿ ಬ್ಯಾಟನ್ನು ತುಸು ಮೇಲ್ಮುಖವಾಗಿ ಸಾಗಿಸುವುದನ್ನು ಕಲಿತರು. ಹ್ಯೂಸ್ಟನ್ ತಂಡ ಆ ಕಾಲಕ್ಕೆ ಅಂಕಿಅಂಶಗಳ ವಿಶ್ಲೇಷಣೆಯಲ್ಲಿ ಲೀಗಿಗೇ ಮುಂದಾಳು. ಅದು ಅವರ ಮೂರು ವರ್ಷಗಳ ದಾಖಲೆ ನೋಡಿತು, 2014ರ ಮಾರ್ಚ್‌ನಲ್ಲಿ ಅವರನ್ನು ಕೈಬಿಟ್ಟಿತು. ಡೆಟ್ರಾಯಿಟ್ ತಂಡ ಸೇರಿದ ಮಾರ್ಟಿನೆಜ್ ಅದೇ ವರ್ಷ 0.315 ಸರಾಸರಿಯಲ್ಲಿ 23 ಹೋಮ್‌ರನ್, ಮರುವರ್ಷ 38, 2017ರಲ್ಲಿ 45 ಹೊಡೆದರು. ಹ್ಯೂಸ್ಟನ್‌ನ ಲೆಕ್ಕದಲ್ಲಿ ತಪ್ಪಿರಲಿಲ್ಲ; ಆ ಲೆಕ್ಕ ಯಾವ ಆಟಗಾರನನ್ನು ಕುರಿತದ್ದಾಗಿತ್ತೋ ಆ ಆಟಗಾರ ಆಗ ಉಳಿದಿರಲಿಲ್ಲ.

ಉಪನ್ಯಾಸದ ನಡುವೆ ಸಭಿಕರೊಬ್ಬರು ಇಲ್ಲಿ ಒಂದು ಪ್ರಶ್ನೆ ಕೇಳಿದರು: ಹಾಗಾದರೆ ಪ್ರತಿ ಚಳಿಗಾಲದಲ್ಲೂ ತಮ್ಮ ಬ್ಯಾಟಿಂಗ್ ಶೈಲಿ ಬದಲಿಸಿಕೊಂಡೆವೆಂದು ಹೇಳುವ ಆಟಗಾರರಲ್ಲಿ ಯಾರನ್ನು ನಂಬಬೇಕು? ಇದಕ್ಕೆ 2015ಕ್ಕೆ ಮೊದಲು ಸರಿಯಾದ ಉತ್ತರ ಇರಲಿಲ್ಲ, ಈಗ ಸ್ವಲ್ಪ ಮಟ್ಟಿಗೆ ಇದೆ. 2015ರಿಂದ ಮೇಜರ್ ಲೀಗಿನ ಎಲ್ಲ ಮೈದಾನಗಳಲ್ಲೂ ‘ಸ್ಟ್ಯಾಟ್‌ಕ್ಯಾಸ್ಟ್’ ಎಂಬ ವ್ಯವಸ್ಥೆ ಪ್ರತಿ ಚೆಂಡನ್ನೂ ಅಳೆಯುತ್ತಿದೆ: ಬ್ಯಾಟಿನಿಂದ ಹೊರಡುವ ವೇಗ, ಮೇಲೇಳುವ ಕೋನ, ಎಸೆತದ ತಿರುಗುವಿಕೆ. ಗಂಟೆಗೆ 95 ಮೈಲಿ, ಅಂದರೆ 153 ಕಿಲೋಮೀಟರ್ ದಾಟಿದ ಹೊಡೆತವನ್ನು ‘ಗಟ್ಟಿ ಹೊಡೆತ’ ಎಂದು ಎಣಿಸುತ್ತಾರೆ. ಚೆಂಡು ಕ್ಷೇತ್ರರಕ್ಷಕನ ಕೈಗೆ ನೇರವಾಗಿ ಹೋಯಿತೋ, ಇಬ್ಬರ ನಡುವೆ ನುಸುಳಿತೋ ಎಂಬುದರಲ್ಲಿ ಅದೃಷ್ಟದ ಪಾಲು ಬಹಳ; ಬ್ಯಾಟಿನಿಂದ ಎಷ್ಟು ವೇಗವಾಗಿ ಹೊರಟಿತು ಎಂಬುದರಲ್ಲಿ ಅದರ ಪಾಲು ಬಹಳ ಕಡಿಮೆ. ಆದ್ದರಿಂದ ಕೆಲವೇ ವಾರಗಳ ಮಾಪನದಿಂದ ಆಟಗಾರನ ಬಗ್ಗೆ ಏನನ್ನಾದರೂ ಭರವಸೆಯಿಂದ ಹೇಳಬಹುದು. ಸ್ಟ್ರೈಕ್‌ಔಟ್ ಪ್ರಮಾಣ ಸುಮಾರು 60 ಸರದಿಗಳಲ್ಲೇ ಒಂದು ಮಟ್ಟಕ್ಕೆ ಅರ್ಥಕೊಡಲು ಆರಂಭಿಸುತ್ತದೆ. ಆಟಕ್ಕೆ ಸಿಕ್ಕ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು ಎಂಬ ಪ್ರಮಾಣಕ್ಕೆ 800 ಚೆಂಡುಗಳಾದರೂ ಬೇಕು, ಎಂದರೆ ಸುಮಾರು ಎರಡು ಋತುಗಳು.

ಟೊರಾಂಟೊದ ವ್ಲಾಡಿಮಿರ್ ಗೆರೆರೊ ಜೂನಿಯರ್ ಇದಕ್ಕೆ ಒಳ್ಳೆಯ ನಿದರ್ಶನ. 2019ರಲ್ಲಿ, 20ರ ವಯಸ್ಸಿನಲ್ಲಿ, ಅವರ ಕೆಲವು ಹೊಡೆತಗಳು ಲೀಗಿನ ಅತಿ ವೇಗದವುಗಳ ಸಾಲಿನಲ್ಲಿದ್ದವು, ಆದರೂ ಹೋಮ್‌ರನ್ 15 ಮಾತ್ರ. 2020ರ 60 ಪಂದ್ಯಗಳ ಋತುವಿನಲ್ಲಿ 9. ಕಾರಣ ಸರಳ: ಅವರು ಮುಟ್ಟಿದ ಚೆಂಡುಗಳಲ್ಲಿ ಅರ್ಧಕ್ಕೂ ಹೆಚ್ಚು ನೆಲಕ್ಕೆ ಬಡಿದು ಉರುಳುತ್ತಿದ್ದವು. ನೆಲದ ಮೇಲೆ ಉರುಳುವ ಚೆಂಡು ಎಷ್ಟೇ ವೇಗವಾಗಿ ಹೋದರೂ ಬೇಲಿ ದಾಟದು. ವೇಗ ಇದ್ದು ಕೋನ ಇಲ್ಲದ ಆಟಗಾರನಿಗೆ ಕೋನ ಕಲಿಸುವುದು ಸಾಧ್ಯ. ಕೋನ ಇದ್ದು ವೇಗ ಇಲ್ಲದವನಿಗೆ ವೇಗ ತಂದುಕೊಡುವುದು ಬಹಳ ಕಷ್ಟ. 2021ರಲ್ಲಿ ದೇಹದ ತೂಕ ಇಳಿಸಿಕೊಂಡು ಬಂದ ಗೆರೆರೊ 48 ಹೋಮ್‌ರನ್ ಹೊಡೆದು ಅಮೆರಿಕನ್ ಲೀಗಿನ ಅಗ್ರಸ್ಥಾನವನ್ನು ಹಂಚಿಕೊಂಡರು. ಹೀಗೆ ಒಂದು ಬಲವಾದ ಗುಣ ಮತ್ತು ಅದನ್ನು ತಡೆಹಿಡಿದಿರುವ, ತಿದ್ದಬಹುದಾದ ಒಂದೇ ಒಂದು ದೋಷ ಇರುವ ಆಟಗಾರರನ್ನು ನಾನು ಪಟ್ಟಿಯಲ್ಲಿ ಮೇಲಕ್ಕೆ ಇಡುತ್ತೇನೆ.

ಪಿಚರ್‌ಗಳ ವಿಷಯದಲ್ಲಿ ಇಂಥ ಬದಲಾವಣೆ ಇನ್ನೂ ಬೇಗ ನಡೆಯುತ್ತದೆ, ಇನ್ನೂ ಬೇಗ ಕಾಣುತ್ತದೆ. ಬ್ಯಾಟಿಗೆ ತಾಗಿ ಆಟಕ್ಕೆ ಬಿದ್ದ ಚೆಂಡು ಹಿಟ್ ಆಗುವುದೋ ಇಲ್ಲವೋ ಎಂಬುದರ ಮೇಲೆ ಪಿಚರ್‌ಗೆ ಇರುವ ಹಿಡಿತ ನಾವು ಭಾವಿಸಿದ್ದಕ್ಕಿಂತ ಬಹಳ ಕಡಿಮೆ ಎಂದು ವಿಶ್ಲೇಷಕ ವೋರೋಸ್ ಮೆಕ್‌ಕ್ರ್ಯಾಕನ್ 2001ರಲ್ಲಿ ಬರೆದಾಗ ದೊಡ್ಡ ವಿವಾದವೇ ಎದ್ದಿತ್ತು. ಅಂಥ ಚೆಂಡುಗಳಲ್ಲಿ ಸುಮಾರು ಶೇಕಡಾ 30 ಹಿಟ್ ಆಗುತ್ತವೆ, ಮತ್ತು ಒಬ್ಬನೇ ಪಿಚರ್‌ಗೆ ಈ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೊಯ್ದಾಡುತ್ತದೆ. ಆದ್ದರಿಂದ ಪಿಚರ್ ಬಿಟ್ಟುಕೊಟ್ಟ ರನ್ನುಗಳಿಗಿಂತ ಅವನು ಪಡೆದ ಸ್ಟ್ರೈಕ್‌ಔಟ್, ಕೊಟ್ಟ ವಾಕ್ ಮತ್ತು ಹೋಮ್‌ರನ್‌ಗಳನ್ನು ನೋಡುವುದು ಮುಂದಿನ ವರ್ಷಕ್ಕೆ ಉತ್ತಮ ಸೂಚನೆ. ಅದಕ್ಕೂ ಮುಂದಿನ ಹೆಜ್ಜೆ, ಅವನು ಯಾವ ಎಸೆತಗಳನ್ನು ಆರಿಸಿಕೊಳ್ಳುತ್ತಿದ್ದಾನೆ ಎಂದು ನೋಡುವುದು. ಗೆರಿಟ್ ಕೋಲ್ 2017ರಲ್ಲಿ ಪಿಟ್ಸ್‌ಬರ್ಗ್ ಪರ 203 ಇನಿಂಗ್ಸ್‌ಗಳಲ್ಲಿ 196 ಸ್ಟ್ರೈಕ್‌ಔಟ್ ಪಡೆದು, ಪ್ರತಿ 9 ಇನಿಂಗ್ಸ್‌ಗೆ (ಅಂದರೆ ಒಂದು ಪೂರ್ಣ ಪಂದ್ಯಕ್ಕೆ) 4.26 ರನ್ ಕೊಟ್ಟಿದ್ದರು. 2018ರ ಜನವರಿಯಲ್ಲಿ ಹ್ಯೂಸ್ಟನ್‌ಗೆ ಬಂದ ಮೇಲೆ ಕೆಳಕ್ಕೆ ಇಳಿಯುವ ಸಿಂಕರ್ ಎಸೆತವನ್ನು ಬಹುಪಾಲು ಕೈಬಿಟ್ಟು, ನೇರ ವೇಗದ ಎಸೆತವನ್ನು ಎತ್ತರದಲ್ಲಿ, ಅದರ ಜೊತೆಗೆ ತಿರುವಿನ ಎಸೆತಗಳನ್ನು ಹೆಚ್ಚಾಗಿ ಬಳಸಿದರು. ಆ ವರ್ಷ 200 ಇನಿಂಗ್ಸ್‌ಗಳಲ್ಲಿ 276 ಸ್ಟ್ರೈಕ್‌ಔಟ್, ರನ್ ಸರಾಸರಿ 2.88. ತೋಳು ಅದೇ, ವೇಗವೂ ಹೆಚ್ಚುಕಡಿಮೆ ಅದೇ. ನಾಲ್ಕು ವರ್ಷ ಹಿಂದೆ ಮಾರ್ಟಿನೆಜ್ ಅವರನ್ನು ಗುರುತಿಸದೆ ಹೋದ ಅದೇ ತಂಡ ಈ ಸಲ ಬದಲಾವಣೆಯನ್ನು ಕಾಯದೆ ತಾನೇ ಮಾಡಿಸಿತು. ಮುನ್ನಂದಾಜು ಮಾಡುವವರು ಆಟಗಾರನ ಜೊತೆಗೆ ಅವನು ಸೇರಿದ ತಂಡದ ತರಬೇತಿಯ ಗುಣವನ್ನೂ ತೂಗಬೇಕಾದ ಕಾಲ ಇದು.

ಇಷ್ಟೆಲ್ಲ ತಿಳಿದ ಮೇಲೂ ಪಟ್ಟಿಯನ್ನು ಹೇಗೆ ಬರೆಯಬೇಕು ಎಂಬ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಹೆಸರುಗಳನ್ನಷ್ಟೇ ಬರೆದರೆ ಸಾಲದು, ಪ್ರತಿ ಹೆಸರಿನ ಮುಂದೆ ಸಂಭವನೀಯತೆಯನ್ನು ಬರೆಯಬೇಕು. ವಿಶ್ಲೇಷಕ ನೇಟ್ ಸಿಲ್ವರ್ 2003ರಲ್ಲಿ ಹೊರತಂದ ‘ಪಿಕೋಟಾ’ ವ್ಯವಸ್ಥೆ ಹಳೆಯ ಆಟಗಾರರಲ್ಲಿ ವಯಸ್ಸು, ಮೈಕಟ್ಟು, ಆಟದ ಬಗೆಯಲ್ಲಿ ಹೋಲಿಕೆಯಿರುವವರನ್ನು ಹುಡುಕಿ, ಅವರು ಮುಂದೆ ಹೇಗೆ ಆಡಿದರೆಂಬುದರ ಮೇಲೆ ಈಗಿನವರ ಜಿಗಿತದ ಸಾಧ್ಯತೆಯನ್ನು ಶೇಕಡಾವಾರು ಲೆಕ್ಕದಲ್ಲೇ ಕೊಟ್ಟಿತು. ಅದು ಆ ವ್ಯವಸ್ಥೆಯ ದೊಡ್ಡ ಕೊಡುಗೆ. ಶೇಕಡಾ 25ರ ಸಾಧ್ಯತೆ ಎಂದು ಇಪ್ಪತ್ತು ಜನರ ಹೆಸರು ಬರೆದರೆ ಅವರಲ್ಲಿ ಐದು ಜನ ಜಿಗಿಯಬೇಕು. ಹತ್ತು ಜನ ಜಿಗಿದರೂ ಆ ಅಂದಾಜು ಸರಿಯಲ್ಲ. ಹಾಗೆಯೇ ಋತು ಮುಗಿದ ಮೇಲೆ ಪಟ್ಟಿಯನ್ನು ಮಾರ್ಸೆಲ್‌ನಂಥ ಸರಳ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಕಳೆದ ವರ್ಷ ಕೆಟ್ಟ ಅದೃಷ್ಟವಿದ್ದ ಹತ್ತು ಜನರನ್ನು ಆರಿಸಿ, ಎಂಟು ಜನ ಸುಧಾರಿಸಿದರು ಎಂದು ಹೇಳಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆಯಿಲ್ಲ, ಏಕೆಂದರೆ ಆ ಎಂಟು ಜನರನ್ನು ಮಾರ್ಸೆಲ್ ಕೂಡ ಕೊಟ್ಟಿರುತ್ತದೆ. ಮಾರ್ಸೆಲ್ ಹೇಳಿದ ಮಟ್ಟಕ್ಕಿಂತ ಅವರು ಎಷ್ಟು ಮೇಲೆ ಹೋದರು ಎಂಬುದೇ ಪಟ್ಟಿ ಮಾಡಿದವರ ಅಳತೆಗೋಲು.

ಅಂಥ ಪಟ್ಟಿಗೆ ಈಗ ಹೊಸದೊಂದು ಸಾಧನ ಸೇರಿದೆ. 2024ರ ಮೇ ತಿಂಗಳಿಂದ ಮೇಜರ್ ಲೀಗ್ ಪ್ರತಿ ಬ್ಯಾಟರ್‌ನ ಬ್ಯಾಟ್ ಬೀಸುವ ವೇಗ ಮತ್ತು ಬ್ಯಾಟ್ ಸಾಗುವ ದೂರವನ್ನು ಸಾರ್ವಜನಿಕರಿಗೂ ಒದಗಿಸುತ್ತಿದೆ. ಮಾರ್ಟಿನೆಜ್ ಅವರ ಚಳಿಗಾಲದ ಕೆಲಸವನ್ನು 2014ರ ಮಾರ್ಚ್‌ನಲ್ಲಿ ಕಣ್ಣಳತೆಯಿಂದಷ್ಟೇ ನೋಡಬಹುದಾಗಿತ್ತು. ಇಂದು ಅಂಥ ಬದಲಾವಣೆ ಏಪ್ರಿಲ್‌ನ ಮೊದಲ ಕೆಲವು ವಾರಗಳಲ್ಲೇ, ಒಂದು ಹಿಟ್ ಹೆಚ್ಚೋ ಕಡಿಮೆಯೋ ಎಂಬುದರ ಹಂಗಿಲ್ಲದೆ, ಅಂಕಿಯಾಗಿ ನಮ್ಮ ಮುಂದಿರುತ್ತದೆ. ಬ್ಯಾಟ್ ವೇಗ ಹೆಚ್ಚಿಸಿಕೊಂಡವರಲ್ಲಿ ಎಷ್ಟು ಪಾಲು ಜನ ಆ ಏರಿಕೆಯನ್ನು ಮರುವರ್ಷವೂ ಉಳಿಸಿಕೊಳ್ಳುತ್ತಾರೆ, ಅದರಲ್ಲಿ ಎಷ್ಟು ಭಾಗ ಹೋಮ್‌ರನ್‌ಗಳಾಗಿ ಮಾರ್ಪಡುತ್ತದೆ, ಹೆಚ್ಚು ವೇಗಕ್ಕಾಗಿ ಎಷ್ಟು ಸ್ಟ್ರೈಕ್‌ಔಟ್‌ಗಳನ್ನು ತೆರಬೇಕಾಗುತ್ತದೆ ಎಂಬ ಪ್ರಶ್ನೆಗಳಿಗೆ ಒಂದೆರಡು ಋತುಗಳ ದಾಖಲೆ ಸಾಲದು. ಮುಂದಿನ ಕೆಲವು ವರ್ಷ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಉತ್ತರಿಸಬೇಕಾದ ಪ್ರಶ್ನೆಗಳು ಇವೇ.